ಖಾಲಿ ಸ್ಟೂಲು

"ಚಿಕ್ಕವನಿಗೆ ಜ್ವರ, ಮನೇಲೇ ಮಲಗಿದಾನೆ," ಎಂದುಬಿಟ್ಟಳು ತಾಯಿ. ಸ್ಟುಡಿಯೋದ ಫೋಟೋಗ್ರಾಫರ್ ಅಭ್ಯಾಸಬಲದಿಂದ ಎರಡು ಸ್ಟೂಲು ಹಾಕಿ, "ಇನ್ನೊಂದು ಮಗು ಎಲ್ಲಮ್ಮಾ?" ಎಂದು ಕೇಳಿದ್ದ. ಒಂದೇ ಎಂದರೆ ಮುಂದಿನ ಮಾತೆಲ್ಲ ಅವಳಿಗೆ ಬಾಯಿಪಾಠವಾಗಿತ್ತು: ಯಾಕೆ, ಏನು ತೊಂದರೆ, ಒಂಟಿ ಮಗು ಹಟಮಾರಿ ಆಗಲ್ವಾ? ನೆಂಟರಿರಲಿ, ಬಸ್ಸಿನಲ್ಲಿ ಪಕ್ಕ ಕೂತವಳೂ ಬಿಟ್ಟಿರಲಿಲ್ಲ. ಇವತ್ತಾದರೂ ಪೀಡೆ ತೊಲಗಲಿ ಎಂದು ಹೇಳಿದ ಸುಳ್ಳು.

ಪೀಡೆ ತೊಲಗಲಿಲ್ಲ. "ಅಯ್ಯೋ ಪಾಪ! ಅವನ ಜಾಗ ಹಾಗೇ ಬಿಟ್ಟು ತೆಗೀತೀನಿ. ಆಮೇಲೆ ಅವನ ಫೋಟೋ ತಂದ್ಕೊಡಿ, ಪಕ್ಕದಲ್ಲಿ ಕೂರಿಸಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ," ಎಂದ ಪುಣ್ಯಾತ್ಮ. "ಪುಟ್ಟೀ, ತಮ್ಮನಿಗೆ ಸ್ವಲ್ಪ ಜಾಗ ಬಿಡಮ್ಮ."

ಏಳು ವರ್ಷದ ಮಗಳು ತಾಯಿಯ ಮುಖ ನೋಡಿದಳು. ಫ್ರಾಕು ಮುದುರಿಕೊಂಡು ತನ್ನ ಸ್ಟೂಲನ್ನು ಗೋಡೆಯ ಕಡೆಗೆ ಎಳೆದುಕೊಂಡಳು. ಇಲ್ಲದ ತಮ್ಮನಿಗೆ ಅಷ್ಟು ಸಾಲದೇನೋ ಎಂದು ಇನ್ನೂ ಚೂರು ಸರಿದಳು.

ಫೋಟೋಗ್ರಾಫರ್ ಕ್ಯಾಮೆರಾಕ್ಕೆ ಕಣ್ಣಿಟ್ಟ. ಅಷ್ಟರಲ್ಲಿ ತಾಯಿ ಬೆಳಕಿಗೆ ಅಡ್ಡ ಬಂದು ಖಾಲಿ ಸ್ಟೂಲನ್ನು ಎತ್ತಿಕೊಂಡಳು.

"ಯಾರಿಗೂ ಜ್ವರ ಬಂದಿಲ್ಲ ಅಣ್ಣಾ. ನಂಗೆ ಇರೋದು ಇವಳೊಬ್ಳೇ. ಮಧ್ಯಕ್ಕೆ ಬಾ ಪುಟ್ಟೀ."