ಅಕ್ಕ ತೆರೆಯದ ಮೇಲ್

ಮೂರು ದಿನವಾಗಿತ್ತು, ಅಕ್ಕ ಇನ್ನೂ ಆ ಮೇಲ್ ತೆರೆದಿರಲಿಲ್ಲ. ಆಸ್ಪತ್ರೆಯ ರಿಪೋರ್ಟ್. ಎದೆಯ ಗಂಟಿನ ಬಗ್ಗೆ ಎರಡೇ ಸಾಲು, ಕೊನೆಯಲ್ಲಿ ‘ತಡಮಾಡದೆ ಬಂದು ಕಾಣಿ’. ಅವನು ಅದನ್ನು ಎಂಟು ಸಲ ಓದಿದ್ದ.

ಅಕ್ಕನ ಮೇಲ್ ನೋಡಲು ಅವನೇನೂ ಕಳ್ಳದಾರಿ ಹಿಡಿದಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳೇ ಒಪ್ಪಿಗೆ ಕೊಟ್ಟಿದ್ದಳು, ಯಾಕೆ ಏನು ಎಂದು ಒಂದು ಮಾತೂ ಕೇಳದೆ. ಅಂದಿನಿಂದ ಅವಳ ಬದುಕು ಅವನಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಶಾಲಾ ಬಸ್ ಓಡಿಸುವ ಕೆಲಸ, ಹಾಸ್ಟೆಲಿನಲ್ಲಿರುವ ಮಗಳು, ಬಿಟ್ಟುಹೋದ ಗಂಡನಿಗೆ ಬರೆದೂ ಕಳಿಸದೆ ಉಳಿಸಿಕೊಂಡ ಹನ್ನೊಂದು ಪತ್ರ. ಮಗಳು ಗಣಿತದಲ್ಲಿ ಪಾಸಾದ ದಿನ ಅವನು ತನ್ನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಒಂದು ಡಬ್ಬಿ ಸಿಹಿ ತಿಂದಿದ್ದ. ಹಂಚಿಕೊಳ್ಳಲು ಅವನಿಗೆ ಬೇರೆ ಯಾರಿದ್ದರು?

ಆದರೆ ಅಕ್ಕನೊಡನೆ ಮಾತುಕತೆ ಇರಲಿಲ್ಲ.

“ಫೋನ್ ಮಾಡಿಬಿಡ್ಲಾ?” ಎಂದು ಆಫೀಸಿನಲ್ಲಿ ಪಕ್ಕದ ಮೇಜಿನ ಹಿರಿಯನನ್ನು ಕೇಳಿದ.

“ಬೇಡ ಕಣಯ್ಯ. ಇರೋ ಸಂಬಂಧಾನೂ ಕಡಿದುಹೋಗುತ್ತೆ. ಆಮೇಲೆ ನೀನೇ ಒದ್ದಾಡ್ತೀಯ.”

“ಜೀವಕ್ಕಿಂತ ಹೆಚ್ಚಾ ಅದು?”

ಹಿರಿಯ ಕನ್ನಡಕ ಒರೆಸತೊಡಗಿದ.

ಊಟದ ಹೊತ್ತಿಗೆ ಅವನು ಮೆಟ್ಟಿಲ ಬಳಿ ನಿಂತು ನಂಬರ್ ಒತ್ತಿದ. ಎಂದೋ ಬಾಯಿಪಾಠವಾಗಿದ್ದ ನಂಬರ್. “ಹಲೋ” ಎಂದ ದನಿ ಅವನು ಎಣಿಸಿದ್ದಕ್ಕಿಂತ ಮೆದುವಾಗಿತ್ತು.

“ಅಕ್ಕಾ, ಆಸ್ಪತ್ರೆ ರಿಪೋರ್ಟ್ ಬಂದಿದೆ. ಮೇಲ್ ತೆಗೆದು ನೋಡಿ. ಇವತ್ತೇ ಹೋಗಿ. ಮಗಳ ಪರೀಕ್ಷೆ ಮುಗೀಲಿ ಅಂತ ಕಾಯ್ಬೇಡಿ.”

ಆ ಕಡೆಯಿಂದ, “ಯಾರಪ್ಪ ಮಾತಾಡ್ತಿರೋದು?”

ಹೆಸರು ನಾಲಿಗೆಯ ತುದಿಗೆ ಬಂತು. ಹೇಳಿ ಏನು ಪ್ರಯೋಜನ ಎನ್ನಿಸಿ ಫೋನ್ ಇಟ್ಟ.

ಅರ್ಧ ಗಂಟೆಯಲ್ಲಿ ಅವಳು ಮೇಲ್ ತೆರೆದಳು. ಮೂರು ಗಂಟೆಗೆಲ್ಲ ಡಾಕ್ಟರ ಭೇಟಿ ನಿಗದಿಯಾದ ಸುದ್ದಿಯೂ ಬಂತು. ಹೋದ ಜೀವ ಬಂದಂತಾಗಿ ಅವನು ಕುರ್ಚಿಗೊರಗಿ ಕಣ್ಣು ಮುಚ್ಚಿದ.

ಕಣ್ಣು ತೆರೆದಾಗ ಪರದೆಯಲ್ಲಿ ಅಕ್ಕ ಇರಲಿಲ್ಲ. ಮೇಲ್, ಫೋಟೋ, ಕಳಿಸದ ಪತ್ರಗಳು, ಎಲ್ಲ ಒಮ್ಮೆಗೇ ಖಾಲಿ.

“ಹೇಳಿದ್ನಲ್ಲ, ಆ್ಯಪ್ ಕಿತ್ತುಹಾಕ್ತಾರೆ” ಎಂದ ಹಿರಿಯ, ಮೆಲ್ಲಗೆ. “ಹೋಗ್ಲಿ ಬಿಡು. ನಾಳೆ ನಿಂಗೆ ಬೇರೆಯವರನ್ನ ಕೊಡ್ತೀನಿ.”

ಬೆಳಗ್ಗೆ ಐದಕ್ಕೆ ಎಬ್ಬಿಸಲೆಂದು ಅವಳು ಹಾಕಿಕೊಂಡಿದ್ದ ಬಿಟ್ಟಿ ಅಲಾರಾಂ ಆ್ಯಪ್ ಅದು. ಅಲಾರಾಂ ಬಾರಿಸಲು ಯಾರ ಮೇಲ್ ಕೂಡ ಬೇಕಿಲ್ಲ, ಫೋಟೋ ಬೇಕಿಲ್ಲ. ಜಾಹೀರಾತು ಮಾರಲು ಬೇಕು. ಅದಕ್ಕೇ ಕಂಪನಿ ಎಲ್ಲವನ್ನೂ ಕೇಳುತ್ತಿತ್ತು, ಜನ ಕಣ್ಣುಮುಚ್ಚಿ ‘ಸರಿ’ ಒತ್ತುತ್ತಿದ್ದರು, ಅವನಂಥವರು ಸಂಬಳಕ್ಕೆ ಕೂತು ಓದಿ ವಿಂಗಡಿಸುತ್ತಿದ್ದರು.

ಪಟ್ಟಿಯ ನಾನೂರ ಹದಿನೇಳನೆಯ ಆ ಗ್ರಾಹಕಿಗೆ ತಮ್ಮನೇ ಇರಲಿಲ್ಲ.