ಸಂಕ್ರಮಣದ ಪ್ರಶ್ನೆ

“ಒಂದೇ ಒಂದ್ ಸುಳ್ಳ್, ಕುಷ್ಟಣ್ಣ,” ಎಂದಳು ವಿನಯಾ. “ನಾಳೆ ದರ್ಶನದಲ್ಲಿ ಅತ್ತೆ ಕೇಳ್ತ್ರ್. ‘ನಿನ್ನ ಮಗ ನನ್ನ ಕಾಲಡಿಗಿದ್ದ, ಅವ್ನ ಹೊಟ್ಟೆ ತುಂಬಿತ್, ನೀ ಉಣ್ಣ್’ ಅಂದ್‌ಬಿಡಿ. ಅಷ್ಟೇ ಸಾಕ್.”

ಕುಷ್ಟ ತೆಂಗಿನಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ತಲ್ಲೂರಿನ ಆ ಸಣ್ಣ ದೈವಸ್ಥಾನಕ್ಕೆ ಅವನೇ ಪಾತ್ರಿ. ಸಂಕ್ರಮಣದ ದಿನ ದೈವ ಅವನ ಮೈಮೇಲೆ ಬಂದು ಊರಿನವರ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ.

“ನೀವ್ ದೈವ ಗಿವ ನಂಬುದಿಲ್ಲ ಅಲ್ದಾ, ತಂಗಿ?”

“ಇಲ್ಲ.”

“ಯೋಗೀಶನೂ ನಂಬ್ತಿರ್ಲಿಲ್ಲ. ನಾ ನಡುಗುದ್ ಕಂಡ್ರೆ, ‘ಕುಷ್ಟಣ್ಣ, ನಿಮ್ದ್ ಅರ್ಥಿಂಗ್ ಸರಿ ಇಲ್ಲ, ಒಂದಿನ ಬಂದ್ ಚೆಕ್ ಮಾಡ್ತೆ’ ಅಂತಿದ್ದ.” ಕುಷ್ಟ ನಕ್ಕ. ನಗು ಅರ್ಧಕ್ಕೇ ನಿಂತಿತು. “ನಂಬ್ದಿದ್ದವ್ರಿಗೆ ಸುಳ್ಳ್ ಸುಲಭ. ನಂಗೆ ಅದ್ ದೈವದ ಬಾಯಿ. ಬಂದದ್ದ್ ಹೇಳ್ತೆ. ಬರದ್ದ್ ಹೇಳುದಿಲ್ಲೆ.”

ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಯೋಗೀಶ ಮೂವತ್ತನಾಲ್ಕನೆಯ ವಯಸ್ಸಿಗೆ ಮಿದುಳಿನಲ್ಲಿ ರಕ್ತನಾಳ ಒಡೆದು ಸತ್ತು ಇಪ್ಪತ್ತು ದಿನವಾಗಿತ್ತು. ಸತ್ತ ಮೇಲೆ ಏನೂ ಇಲ್ಲ, ಕ್ರಿಯೆ ಬೇಡ, ದೇಹ ಮೆಡಿಕಲ್ ಕಾಲೇಜಿಗೆ ಹೋಗಲಿ ಎಂದು ಅವನು ಬರೆದಿಟ್ಟಿದ್ದ. ಆಸ್ಪತ್ರೆಯಲ್ಲಿ ಕಾಗದಕ್ಕೆ ಸಹಿ ಹಾಕಿದವಳು ಹೆಂಡತಿ ವಿನಯಾ. ಚಿತೆ ಇಲ್ಲ, ಬೂದಿ ಇಲ್ಲ, ಉತ್ತರಕ್ರಿಯೆಯ ಬೊಜ್ಜದ ಊಟವಿಲ್ಲ. ಅಂದಿನಿಂದ ಅವನ ತಾಯಿ ಸೀತು ಗಂಜಿಯ ತಿಳಿ ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಿರಲಿಲ್ಲ. ಸೊಸೆಯನ್ನು ಒಂದು ಮಾತೂ ಬೈದಿರಲಿಲ್ಲ. ಹೇಳುತ್ತಿದ್ದುದು ಇಷ್ಟೇ: “ಅವ್ನಿಗೆ ಯಾರೂ ಬಡ್ಸಲಿಲ್ಲ. ಎಲ್ಲ್ ಹಸ್ಕಂಡ್ ತಿರುಗ್ತಿದ್ನೋ ಏನೋ. ನಾ ಹ್ಯಾಂಗ್ ಉಣ್ಲಿ?” ಡಾಕ್ಟರು ಎರಡು ಸಲ ಗ್ಲೂಕೋಸ್ ಏರಿಸಿ, ಇನ್ನೊಂದು ವಾರ ಹೀಗೇ ಹೋದರೆ ತಮ್ಮ ಕೈಯಲ್ಲಿಲ್ಲ ಎಂದಿದ್ದರು.

ಮರುದಿನ ಬೆಳಿಗ್ಗೆ ಸೀತು ಸೊಸೆಯ ತೋಳು ಹಿಡಿದು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ ದೈವಸ್ಥಾನ ತಲುಪಿದರು. ಕುಷ್ಟನ ಮೈ ಆಗಲೇ ನಡುಗುತ್ತಿತ್ತು. ಉಟ್ಟದ್ದು ಕೆಂಪು ಪಟ್ಟೆ, ಕೈಯಲ್ಲಿ ಅಡಿಕೆ ಹೂವಿನ ಸಿಂಗಾರ. ಯಾರದೋ ದನ ಕಳೆದದ್ದು, ಯಾರದೋ ಜಾಗದ ತಕರಾರು ಮುಗಿದವು. ಸೀತುವಿನ ಸರದಿ ಬಂತು.

“ಸ್ವಾಮಿ, ನನ್ ಮಗ ಎಲ್ಲಿದ್ದ?”

ಡೋಲಿನವನು ಕೈ ತಡೆದ. ಕುಷ್ಟನ ಕೈಯ ಸಿಂಗಾರದ ಎಸಳುಗಳು ಸೀತುವಿನ ಪಾದದ ಮೇಲೆ ಉದುರುತ್ತಲೇ ಇದ್ದವು.

“ಕಾಣ್ತಿಲ್ಲ.”

“ಸ್ವಾಮಿ, ಸಮಾ ಕಂಡ್ ಹೇಳ್ಕ್,” ದೈವಸ್ಥಾನದ ಮೊಕ್ತೇಸರರು ಕೈಮುಗಿದರು. “ಪ್ರಾಯ ಆದವ್ರ್. ಉಪವಾಸ ಇದ್ರ್.”

“ಮೇಲೆ ಕಾಣ್ತಿಲ್ಲ. ಕೆಳ್ಗೂ ಕಾಣ್ತಿಲ್ಲ. ಎಲ್ಲೂ ಇಲ್ಲ, ಮಗಳೇ.” ಅಷ್ಟು ಹೇಳಿ ಕುಷ್ಟ ಬುಡ ಕಡಿದ ಬಾಳೆಯ ಹಾಗೆ ಬಿದ್ದ.

ಅವನ ಮುಖಕ್ಕೆ ನೀರು ಚಿಮುಕಿಸಿ ಕಂಬಕ್ಕೆ ಒರಗಿಸಿದರು. ವಿನಯಾ ಹತ್ತಿರ ಹೋಗಿ ನಿಂತಳು. ಅವನ ಕೆನ್ನೆಗೆ ಹೊಡೆಯಬೇಕೆನಿಸಿತ್ತು.

“ನಿಮ್ಗೆ ಒಂದ್ ಮಾತ್ ಭಾರ ಆಯ್ತಾ?”

“ನಾ ಎಂತ ಹೇಳ್ದೆ, ತಂಗಿ?” ಕುಷ್ಟ ಕಣ್ಣು ಕಿರಿದು ಮಾಡಿ ನೋಡಿದ. “ನಂಗೆ ಎಚ್ಚರ ಇರ್ಲಿಲ್ಲ.”

ಅವಳು ಹೇಳಿದಳು. ಕುಷ್ಟನ ಮುಖ ಬಿಳಚಿತು. “ಅಯ್ಯೋ,” ಎಂದು ತಲೆ ಹಿಡಿದುಕೊಂಡ. “‘ಇದ್ದ’ ಅಂತ ಬರ್ಲಿ ಅಂದ್ಕಂಡ್ ನಾ ಬೆಳಿಗ್ಗಿಂದ ಬೇಡ್ಕಂಡಿದ್ದೆ.”

ಸೀತು ಮನೆಗೆ ಬಂದು, ಹಾಸಿಗೆಗೆ ಹೋಗದೆ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ವಿನಯಾ ದಿನದ ರೂಢಿಯಂತೆ ಒಂದು ಬಟ್ಟಲು ಗಂಜಿ, ಒಂದು ಮಾವಿನಮಿಡಿ ಮುಂದಿಟ್ಟಳು. ಸಂಜೆಗೆ ಅದನ್ನು ದನಕ್ಕೆ ಹಾಕುವುದೂ ರೂಢಿಯೇ ಆಗಿತ್ತು.

“ಹೆಣೆ,” ಎಂದು ಸೊಸೆಯನ್ನು ಕರೆದರು ಸೀತು. “ನೀ ಓದಿದವ್ಳ್. ಸಮಾ ಹೇಳ್. ಅವ ಎಲ್ಲೂ ಇಲ್ಲ ಅಂದ್ರೆ, ಅವ್ನಿಗೆ ಹಸಿವೂ ಇಲ್ಲ ಅಲ್ದಾ?”

ವಿನಯಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಸಾವಿನ ಆಚೆ ಏನೂ ಇಲ್ಲ ಎಂದು ಅವಳು ಕಾಲೇಜಿನ ದಿನಗಳಿಂದ ಎಷ್ಟೋ ಜನರೊಂದಿಗೆ ವಾದಿಸಿ ಗೆದ್ದಿದ್ದಳು. ಈ ಇಪ್ಪತ್ತು ದಿನಗಳಲ್ಲಿ ಆ ಮಾತನ್ನು ಯೋಗೀಶನ ಹೆಸರಿಗೆ ಒಮ್ಮೆಯೂ ಜೋಡಿಸಿರಲಿಲ್ಲ.

“ಇಲ್ಲ, ಅತ್ತೆ.”

“ಚಳಿ?”

“ಇಲ್ಲ.”

“ನನ್ನ ನೆನಪ್?”

ಇಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಅತ್ತೆಯ ಕಣ್ಣು ಅವಳ ಮುಖದ ಮೇಲೆಯೇ ಇತ್ತು.

“ಅದೂ ಇಲ್ಲ.”

ಸೀತು ಸೆರಗಿನಿಂದ ಮುಖ ಒರೆಸಿಕೊಂಡರು. “ಹಂಗಾರೆ ಅದೆಲ್ಲ ಇನ್ ನಮ್ಗೇ,” ಎಂದು ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಮೊದಲ ತುತ್ತಿಗೆ ಕೆಮ್ಮು ಬಂತು. ನೀರು ಕುಡಿದು ಮತ್ತೆ ಉಂಡರು. ಕೊನೆಗೆ ಮಿಡಿಯ ಗೊರಟನ್ನೂ ಚೀಪಿದರು.

“ನೀನೂ ಉಣ್ಣ್,” ಎಂದರು.

ವಿನಯಾ ಬಡಿಸಿಕೊಂಡು ಕುಳಿತಳು. ಬಾಯಿಗಿಟ್ಟ ತುತ್ತನ್ನು ಅಗಿದಳು, ಇನ್ನೂ ಅಗಿದಳು. ಅದು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.