ಎರಡು ಬಾಗಿಲು, ಒಂದು ವೈರು

ವಿಡಿಯೊ ಸಂದರ್ಶನಕ್ಕೆ ಇನ್ನು ಏಳೇ ನಿಮಿಷ. ಅಕ್ಕ ತನ್ನ ಕೋಣೆಯ ಲ್ಯಾಪ್‌ಟಾಪಿಗೆ ಅಡಾಪ್ಟರ್ ಸಿಕ್ಕಿಸಿ, ಅದಕ್ಕೆ ಇಂಟರ್ನೆಟ್ ಕೇಬಲ್ಲಿನ ಒಂದು ತುದಿ ಚುಚ್ಚಿ, ಇನ್ನೊಂದು ತುದಿ ಹಿಡಿದು ಎದುರು ಕೋಣೆಯ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ವೈಫೈ ಬೆಳಗಿನಿಂದ ಕಣ್ಣಾಮುಚ್ಚಾಲೆ ಆಡುತ್ತಿತ್ತು. ರೌಟರ್ ಇದ್ದದ್ದು ಒಳಗೆ, ತಮ್ಮನ ಮೇಜಿನ ಮೇಲೆ. ಅಮ್ಮನ ಹೊಲಿಗೆ ಮೆಷಿನ್ನನ್ನು ತನ್ನನ್ನೊಂದು ಮಾತು ಕೇಳದೆ ಅಕ್ಕ ಮಾರಿದಳೆಂದು ಅವನು ಅವಳ ಜೊತೆ ಮಾತು ಬಿಟ್ಟು ಇಂದಿಗೆ ಹನ್ನೊಂದು ದಿನ.

ಬಾಗಿಲು ತಟ್ಟುವ ಬದಲು ಅವಳು ಕೇಬಲ್ಲನ್ನು ಕೆಳಗಿನ ಸಂದಿಯಲ್ಲಿ ತೂರಿಸಲು ನೋಡಿದಳು. ತುದಿಯ ಪ್ಲಾಸ್ಟಿಕ್ ಪಿನ್ನು ಜಪ್ಪಯ್ಯ ಅಂದರೂ ಒಳಗೆ ಹೋಗಲಿಲ್ಲ. ಓರೆ ಮಾಡಿ ತಳ್ಳಿದಳು, ಉಗುರು ಮುರಿದುಕೊಂಡಳು, ಎದ್ದು ಓಡಿ ಟೈಮು ನೋಡಿ ಬಂದಳು. ನಾಲ್ಕು ನಿಮಿಷ. ‘ನಾನಾಗಿ ಕರೆದರೆ ನಾನೇ ಸೋತ ಹಾಗೆ’ ಎಂದು ಹಲ್ಲು ಕಚ್ಚಿ ಮತ್ತೆ ತಳ್ಳಿದಳು.

ಚಿಲಕ ಸರಿಯಿತು. ತಮ್ಮ ಅವಳ ಮುಖ ನೋಡದೆ ಬಗ್ಗಿ, ಅವಳ ಕೈಯಿಂದ ಕೇಬಲ್ ಕಿತ್ತುಕೊಂಡು ಒಳಗೆ ಹೋದ. ಅವಳು ಲ್ಯಾಪ್‌ಟಾಪಿನ ಬಳಿ ಓಡಿಬಂದು ನೋಡಿದರೆ ಅಡಾಪ್ಟರಿನಲ್ಲಿ ಹಸಿರು ದೀಪ ಹತ್ತಿತ್ತು. ಕುರ್ಚಿಯಲ್ಲಿ ಕೂತು, ಹನ್ನೊಂದು ದಿನದ ಅಭ್ಯಾಸಬಲದಿಂದ, ತನ್ನ ಕೋಣೆಯ ಬಾಗಿಲನ್ನು ಕಾಲಲ್ಲೇ ನೂಕಿದಳು.

“ಅಕ್ಕಾ, ಬಾಗ್ಲು ಹಾಕ್ಬೇಡ! ವೈರು ಕಟ್ಟಾಗತ್ತೆ!”

ಅವಳು ತಿರುಗಿ ನೋಡಿದಳು. ಎದುರು ಕೋಣೆಯ ಬಾಗಿಲು ಮುಚ್ಚಿಕೊಳ್ಳದಂತೆ ಅವನು ಆಗಲೇ ತನ್ನ ಚಪ್ಪಲಿಯನ್ನು ಅಡ್ಡ ಇಟ್ಟಿದ್ದ.